ಮೋಷನ್ ಆಗ್ತಿದ್ಯಾ ಅಂತ ಕೇಳೋದು ಹೇಗೆ: ಹೋಮ್ ನರ್ಸಿಂಗ್ ಅನುಭವ

ನಾನು ಮೈಸೂರಲ್ಲಿ ಹೋಮ್ ನರ್ಸಿಂಗ್ ಮಾಡ್ತೀನಿ, ಹೆಚ್ಚಾಗಿ ವಯಸ್ಸಾದವರು, ಆಪರೇಷನ್ ಆಗಿ ಮನೆಗೆ ಬಂದವರು. ಬಿಪಿ, ಶುಗರ್ ಕೇಳಿದ್ರೆ ಫೈಲೇ ತಂದು ಮುಂದೆ ಇಡ್ತಾರೆ, ಮೋಷನ್ ಹೇಗಾಗ್ತಿದೆ ಅಂದ್ರೆ ಮಾತ್ರ "ಹೂಂ, ಆಗತ್ತೆ" ಅಂತ ಅಲ್ಲಿಗೇ ಮುಗಿಸ್ತಾರೆ. ವಯಸ್ಕರಲ್ಲಿ 100ಕ್ಕೆ 10ರಿಂದ 15 ಜನಕ್ಕೆ ಮಲಬದ್ಧತೆ ಇರತ್ತೆ, ಹೆಂಗಸರಲ್ಲಿ ಜಾಸ್ತಿ, ವಯಸ್ಸಾದಂತೆ ಇನ್ನೂ ಜಾಸ್ತಿ. ಇಷ್ಟು ಕಾಮನ್ ಆಗಿರೋದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ.

ಅದಕ್ಕೆ ನಾನು "ಆಗ್ತಿದ್ಯಾ" ಅಂತ ಕೇಳೋದೇ ಬಿಟ್ಟಿದ್ದೀನಿ. ವಾರಕ್ಕೆ ಎಷ್ಟು ಸಲ, ತಿಣುಕಬೇಕಾ, ಗಟ್ಟಿಯಾಗಿ ಮೇಕೆ ಹಿಕ್ಕೆ ಥರ ಬರತ್ತಾ, ಎದ್ದು ಬಂದ್ಮೇಲೂ ಇನ್ನೂ ಉಳಿದಿದೆ ಅನ್ಸತ್ತಾ, ಬೆರಳು ಹಾಕ್ಬೇಕಾಗತ್ತಾ, ಹೀಗೆ ಬಿಡಿಸಿ ಕೇಳ್ತೀನಿ. ದಿನಾ ಹೋಗ್ತೀನಿ ಅನ್ನೋರೂ ಅರ್ಧ ಗಂಟೆ ತಿಣುಕಿ ಕೂತಿರ್ತಾರೆ, ಅದೂ ಮಲಬದ್ಧತೇನೇ. ದಿನ ಬಿಟ್ಟು ದಿನ ಹೋಗಿ ಆರಾಮಾಗಿ ಬರೋರಿಗೆ ಏನೂ ತೊಂದ್ರೆ ಇಲ್ಲ, ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ನಾರ್ಮಲ್ಲೇ, ಆದ್ರೂ ಇವತ್ತು ಆಗ್ಲಿಲ್ಲ ಅಂತ ಹೆದ್ರಿ ರಾತ್ರಿ ರಾತ್ರಿ ಚೂರ್ಣ ತಗೊಳ್ಳೋರೇ ಜಾಸ್ತಿ. ಹೇಳೋಕೆ ನಾಚಿಕೆ ಪಡೋರಿಗೆ ಬ್ರಿಸ್ಟಲ್ ಚಾರ್ಟ್ ತೋರಿಸ್ತೀನಿ, 7 ಥರದ ಮಲದ ಚಿತ್ರ ಇರತ್ತೆ, 1 ಮತ್ತೆ 2 ಗಟ್ಟಿ. ಯಾವ್ದು ಅಂತ ಬೆರಳಿಟ್ಟು ತೋರಿಸಿಬಿಡ್ತಾರೆ.

ಒಬ್ರು ಅಜ್ಜಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ನೋವಿಗೆ ಟ್ರಮಡಾಲ್, ಜೊತೆಗೆ ಐರನ್, ಕ್ಯಾಲ್ಸಿಯಂ, ಮೂರೂ ಮಲ ಕಟ್ಟೋ ಮಾತ್ರೆಗಳೇ. ಮೂತ್ರಕ್ಕೆ ಏಳ್ಬೇಕಾಗತ್ತೆ ಅಂತ ಅಜ್ಜಿ ನೀರೂ ಕುಡೀತಿರ್ಲಿಲ್ಲ. ಸೊಸೆ ಬಂದು "ಸಿಸ್ಟರ್, ಅತ್ತೆಗೆ ಭೇದಿ ಆಗ್ತಿದೆ, ಬಟ್ಟೆಯೆಲ್ಲಾ ಒದ್ದೆ, ನಿಲ್ಲೋ ಮಾತ್ರೆ ಕೊಡ್ಲಾ" ಅಂದ್ರು. ಬೇಡ ತಡೀರಿ ಅಂದೆ, ಹೊಟ್ಟೆ ಮುಟ್ಟಿ ನೋಡಿದ್ರೆ ಕೆಳಗೆ ಎಡಗಡೆ ಗಟ್ಟಿ, ಅಜ್ಜಿಗೆ ಊಟಾನೂ ಸೇರ್ತಿರ್ಲಿಲ್ಲ. ಡಾಕ್ಟರ್‌ನ ಕರೆಸಿದ್ವಿ, ಅವ್ರು ಬೆರಳಲ್ಲಿ ಪರೀಕ್ಷೆ ಮಾಡಿದ್ರೆ ಗುದದ್ವಾರದಲ್ಲೇ ಕಲ್ಲಿನಂಥ ಮಲ ಅಡ್ಡ ಕೂತಿದೆ, ಅದರ ಪಕ್ಕದಿಂದ ನೀರು ಸೋರ್ತಾ ಇರೋದು ನೋಡಿದವ್ರಿಗೆ ಭೇದಿ ಥರ ಕಾಣ್ತಿದೆ. ಆವಾಗ ನಿಲ್ಲೋ ಮಾತ್ರೆ ಕೊಟ್ಟಿದ್ರೆ ಇನ್ನೂ ಬಿಗಿಯಾಗೋದು. ಹಾಸಿಗೆ ಹಿಡಿದೋರಿಗೆ ದಿನಗಟ್ಟಲೆ ಆಗ್ದೆ ಆಮೇಲೆ ಇದ್ದಕ್ಕಿದ್ದಂಗೆ ನೀರು ನೀರಾಗಿ ಸೋರಿದ್ರೆ ದಯವಿಟ್ಟು ಮೊದ್ಲು ಇದನ್ನ ಯೋಚ್ನೆ ಮಾಡಿ.

ಡಾಕ್ಟರ್ ಹೇಳಿದ ಹಾಗೆ ಎನಿಮಾ ಕೊಟ್ಟು ಖಾಲಿ ಮಾಡ್ಸಿದೆ, ಆಮೇಲೆ ಮಲ ಮೆತ್ತಗೆ ಮಾಡೋ ಲ್ಯಾಕ್ಟುಲೋಸ್ ಸಿರಪ್. ಅದು ಕೆಲಸ ಮಾಡೋಕೆ 1-2 ದಿನ ಬೇಕು, ಮಾರನೇ ದಿನಾನೇ ಆಗ್ಲಿಲ್ಲ ಅಂತ ಡಬಲ್ ಹಾಕ್ಬಾರ್ದು. ಬೆಡ್‌ಪ್ಯಾನ್ ತೆಗೆದು ಮಂಚದ ಪಕ್ಕ ಕಮೋಡ್ ಚೇರ್ ಇಡ್ಸಿದೆ, ಮಲಗಿಕೊಂಡು ಯಾರಿಗೆ ತಾನೇ ಆಗತ್ತೆ. ಬೆಳಗ್ಗೆ ಕಾಫಿ, ತಿಂಡಿ ಆದ್ಮೇಲೆ ಹತ್ತು ನಿಮಿಷ ಕೂರ್ಸೋದು, ಯಾಕಂದ್ರೆ ಹೊಟ್ಟೆಗೆ ಏನಾದ್ರೂ ಬಿದ್ದ ತಕ್ಷಣ ದೊಡ್ಡ ಕರುಳು ತಾನಾಗೇ ಚುರುಕಾಗತ್ತೆ. ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ನಿಲ್ತಿದ್ವಿ, ಎದುರಿಗೆ ಯಾರಾದ್ರೂ ಇದ್ರೆ ಅವ್ರಿಗೆ ಬರಲ್ಲ. ಬೇರೆಯವರಿಗೆ ಕಾಲ ಕೆಳಗೆ ಸಣ್ಣ ಸ್ಟೂಲ್ ಇಡ್ತೀನಿ, ಕುಕ್ಕರುಗಾಲಲ್ಲಿ ಕೂತ ಹಾಗಾಗಿ ಮಲ ಬರೋ ದಾರಿ ನೇರ ಆಗತ್ತೆ, ಆದ್ರೆ ಸೊಂಟದ ಆಪರೇಷನ್ ಆದವ್ರಿಗೆ ಡಾಕ್ಟರ್‌ನ ಕೇಳ್ದೆ ಮೊಣಕಾಲು ಮೇಲೆತ್ತಿ ಕೂರ್ಸೋ ಹಾಗಿಲ್ಲ, ಅಜ್ಜಿಗೆ ಇಡ್ಲಿಲ್ಲ.

ಊಟಕ್ಕೆ ಮೆತ್ತಗಿನ ರಾಗಿ ಮುದ್ದೆ, ಸೊಪ್ಪಿನ ಸಾರು, ಪರಂಗಿ ಹಣ್ಣು. 100 ಗ್ರಾಂ ರಾಗೀಲಿ ಸುಮಾರು 11 ಗ್ರಾಂ ನಾರು ಇರತ್ತೆ, ಪಾಲಿಶ್ ಅಕ್ಕೀಲಿ 3 ಗ್ರಾಮೂ ಇಲ್ಲ. ಇಸಬ್‌ಗೋಲ್ ಒಳ್ಳೇದೇ, ಆದ್ರೆ ನೀರು ಕುಡಿಯದವರಿಗೆ ಕೊಟ್ರೆ ಅದೇ ಗಟ್ಟಿಯಾಗಿ ಕೂರತ್ತೆ, ಹಾಸಿಗೆ ಹಿಡಿದೋರಿಗೆ ನಾನಂತೂ ಸುಮ್ನೆ ಕೊಡಲ್ಲ. ಹಾರ್ಟು, ಕಿಡ್ನಿ ತೊಂದ್ರೆ ಇರೋರಿಗೆ ನೀರು ಎಷ್ಟು ಅಂತ ಡಾಕ್ಟರ್‌ನೇ ಕೇಳ್ಬೇಕು.

ಮಲದಲ್ಲಿ ರಕ್ತ, ತೂಕ ಇಳಿಯೋದು, 50 ದಾಟಿದ್ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಹೊಟ್ಟೆ ಉಬ್ಬಿ ವಾಂತಿ, ಇದ್ರಲ್ಲಿ ಯಾವ್ದಿದ್ರೂ ಮನೆಮದ್ದು ಮಾಡ್ಕೊಂಡು ಕೂರ್ಬೇಡಿ. ಕಪ್ಪಗೆ ಬಂದ್ರೂ ತೋರಿಸಿ, ಐರನ್ ಮಾತ್ರೆಗೂ ಕಪ್ಪಾಗತ್ತೆ, ಹಾಗಾಗಿ ಯಾವ್ಯಾವ ಮಾತ್ರೆ ತಗೋತಿದ್ದೀರಿ ಅನ್ನೋದನ್ನೂ ಡಾಕ್ಟರ್‌ಗೆ ಹೇಳಿ.