ಮಳೆ ಬಾಟಲಿಯಿಂದ ಶುರುವಾದ ಪರಿಸರ ಪಿರಿಯಡ್

ನಾನು ಸಿಬಿಝೆಡ್ ಮೇಷ್ಟ್ರು, ಅಂದರೆ ರಸಾಯನಶಾಸ್ತ್ರ, ಜೀವಶಾಸ್ತ್ರ ಹೇಳಿಕೊಡುವವನು. ಪಾವಗಡ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲಸ. ಒಂಬತ್ತನೇ ತರಗತಿಗೆ ವಾರಕ್ಕೊಂದು ಪರಿಸರ ವಿಜ್ಞಾನದ ಕ್ಲಾಸ್ ಶುರು ಮಾಡೋಣ ಅಂತ ಹೋಗಿ ಹೇಳಿದಾಗ ಎಚ್.ಎಂ. ಕೇಳಿದ್ದು ಒಂದೇ ಪ್ರಶ್ನೆ: "ಪಿರಿಯಡ್ ಎಲ್ಲಿಂದ ತರ್ತೀರಿ?"

ನ್ಯಾಯವಾದ ಪ್ರಶ್ನೆಯೇ. ಶಾಲೆಗಳಲ್ಲಿ ಪರಿಸರ ಪಾಠ ಕಡ್ಡಾಯವಾಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಆದರೂ ಪ್ರೌಢಶಾಲೆಯಲ್ಲಿ ಅದು ವಿಜ್ಞಾನದಲ್ಲಿ ಸ್ವಲ್ಪ, ಸಮಾಜದಲ್ಲಿ ಸ್ವಲ್ಪ ಅಂತ ಹಂಚಿಹೋಗಿದೆ. ಕೊನೆಗೆ ಪಿ.ಟಿ. ಮೇಷ್ಟ್ರು ಶನಿವಾರದ ತಮ್ಮ ಪಿರಿಯಡ್ ಬಿಟ್ಟುಕೊಟ್ಟರು. ಕಬಡ್ಡಿ ತಪ್ಪಿತಲ್ಲ ಅಂತ ಹುಡುಗರು ಮೊದಲ ದಿನವೇ ಮುಖ ಊದಿಸಿಕೊಂಡು ಕೂತರು.

ಮೊದಲ ತಿಂಗಳು ಪೂರ್ತಿ ಹಾಳು ಮಾಡಿದೆ. ಓಝೋನ್ ಪದರ, ಹಸಿರುಮನೆ ಪರಿಣಾಮ ಅಂತ ಚಾರ್ಟ್ ತೂಗುಹಾಕಿ ಹೇಳಿದ್ದೇ ಹೇಳಿದ್ದು. ನಾಲ್ಕನೇ ವಾರ ಮಾಡಿದ ತಪ್ಪಂತೂ ಇನ್ನೂ ಮರೆತಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು. ಕಂದು ಕಲೆ ಬಿದ್ದ ಹಲ್ಲಿನ ಚಿತ್ರ ಎತ್ತಿ ಹಿಡಿದು, "ನೋಡಿ, ಹೀಗಾಗುತ್ತೆ" ಅಂದೆ. ಎರಡನೇ ಬೆಂಚಿನ ಹುಡುಗಿ ಮೆಲ್ಲಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅದು ಹಲ್ಲು ಉಜ್ಜದ ತಪ್ಪಲ್ಲ, ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದ ನೀರಿನದು ಅಂತ ನಾನು ಮೊದಲೇ ಹೇಳಬೇಕಿತ್ತು. ಆಮೇಲೆ ಹೇಳಿದೆ, ಆದರೆ ಅಷ್ಟರಲ್ಲಿ ಕ್ಲಾಸಿನ ಅರ್ಧ ಕಣ್ಣು ಅವಳ ಮೇಲಿತ್ತು.

ಚಾರ್ಟುಗಳನ್ನೆಲ್ಲ ಸುತ್ತಿ ಬೀರುವಿನ ಮೇಲಿಟ್ಟೆ. ಮುಂದಿನ ಶನಿವಾರ ಎರಡು ಲೀಟರಿನ ಖಾಲಿ ಬಾಟಲಿಗಳನ್ನು ತರಲು ಹೇಳಿದೆ.

ಮಳೆ ಮಾಪಕ ಮಾಡುವುದು ಸುಲಭ. ಬಾಟಲಿ ಮೇಲಿಂದ ಕೆಳಗೆ ನೇರವಾಗಿರಬೇಕು, ನಡು ಸಣ್ಣಗಿದ್ದರೆ ಅಳತೆ ಕೆಟ್ಟಿತು. ಕುತ್ತಿಗೆಯ ಭಾಗ ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಆಲಿಕೆಯ ಹಾಗೆ ಕೂರಿಸಬೇಕು. ತಳ ಸಮ ಇರುವುದಿಲ್ಲವಲ್ಲ, ಅದಕ್ಕೆ ನಾಲ್ಕು ಬೆಣಚುಕಲ್ಲು ಹಾಕಿ, ಒಂದಿಷ್ಟು ನೀರು ಸುರಿದು, ಆ ಮಟ್ಟಕ್ಕೆ ಸೊನ್ನೆ ಅಂತ ಗುರುತು. ಅಲ್ಲಿಂದ ಮೇಲಕ್ಕೆ ಮುರಿದ ಸ್ಕೇಲ್ ಅಂಟಿಸಿದರೆ ಮುಗಿಯಿತು. ದಿನಾ ಬೆಳಿಗ್ಗೆ 8:30ಕ್ಕೆ ಓದಬೇಕು. ದೇಶದ ಹವಾಮಾನ ಇಲಾಖೆಯವರು ಓದುವುದೂ ಅದೇ ಹೊತ್ತಿಗೆ. ಶಾಲೆ ಪಕ್ಕದ ಮನೆಯ ಹುಡುಗನಿಗೆ ಆ ಜವಾಬ್ದಾರಿ ಕೊಟ್ಟೆ.

ಮೊದಲ ಮಳೆಗೆ ನಮ್ಮ ಬಾಟಲಿಯಲ್ಲಿ 41 ಮಿ.ಮೀ. ಪಂಚಾಯಿತಿಯ ಮಳೆ ಮಾಪಕದಲ್ಲಿ 18. "ಅವರದ್ದೇ ಸುಳ್ಳು ಸಾ" ಅಂತ ಇಡೀ ಕ್ಲಾಸ್ ತೀರ್ಪು ಕೊಟ್ಟಿತು. ಹೊರಗೆ ಹೋಗಿ ನೋಡಿದರೆ ಬಾಟಲಿ ಸೈಕಲ್ ಸ್ಟ್ಯಾಂಡಿನ ಶೀಟಿನ ಅಂಚಿಗೇ ಇದೆ! ಶೀಟಿನ ನೀರೂ ಅದರೊಳಕ್ಕೇ. ಗೋಡೆ, ಮರ ಏನೇ ಇರಲಿ, ಅದರ ಎತ್ತರದ ಎರಡರಷ್ಟಾದರೂ ದೂರ ಇಡಬೇಕು ಅನ್ನುವುದನ್ನು ನಾನು ಬೋರ್ಡಿನ ಮೇಲೆ ಬರೆಯಲೇ ಬೇಕಾಗಲಿಲ್ಲ.

ರಿಜಿಸ್ಟರಿನಲ್ಲಿ ತಾರೀಖಿನ ಪಕ್ಕ ಮಳೆಯ ಹೆಸರಿಗೂ ಒಂದು ಕಾಲಂ ಬೇಕು ಅಂದಿದ್ದು ಮಕ್ಕಳೇ. ಆರಿದ್ರಾ, ಪುನರ್ವಸು, ಮಖೆ, ಹುಬ್ಬೆ. ಹೆಸರು ಕೇಳಲು ಮನೆಯ ಅಜ್ಜಂದಿರ ಹತ್ತಿರ ಹೋದವರು ಬಾವಿಗಳ ಕತೆಯನ್ನೂ ಹೊತ್ತು ತಂದರು. ಒಂದೊಂದು ಮಳೆಗೂ ಹದಿಮೂರು-ಹದಿನಾಲ್ಕು ದಿನ ಅನ್ನುವುದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಹಸ್ತ ಮಳೆಯ ಹೊತ್ತಿಗೆ ಎರಡನೇ ಬೆಂಚಿನ ಹುಡುಗಿ ಬ್ಯಾಗಿನಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ನಮ್ಮ ಬೀದಿ ನಲ್ಲಿದು ಸಾ. ಇದನ್ನೂ ನೋಡಿ." ನೀರಿನ ಫ್ಲೋರೈಡ್ ಪರೀಕ್ಷಿಸುವ ಕಿಟ್ ತರಿಸಿದೆ. ದ್ರಾವಣದ ಗುಲಾಬಿ ಬಣ್ಣ ಹಳದಿಯ ಕಡೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ ಅಂತ ಅರ್ಥ. ನಲ್ಲಿ ನೀರು ಹಳದಿಯಾಯಿತು. ಶುದ್ಧ ನೀರಿನ ಘಟಕದ್ದು ಗುಲಾಬಿಯಾಗಿಯೇ ಉಳಿಯಿತು. ಸುಮ್ನೆ ಇರಲಿ ಅಂತ ಮಳೆ ಬಾಟಲಿಯ ನೀರಿಗೂ ಹಾಕಿದೆವು. ಅದೂ ಗುಲಾಬಿ.

"ಹಾಗಾದ್ರೆ ಮಳೆ ನೀರೇ ಹಿಡಿದಿಟ್ಟು ಸೋಸಿ ಕುಡಿದ್ರೆ ಆಗಲ್ವಾ ಸಾ?" ಅಂತ ಕೇಳಿದ್ದೂ ಅವಳೇ.

ಆ ಪಿರಿಯಡ್ ಮುಗಿದಿದ್ದೇ ಗೊತ್ತಾಗಲಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಟೇಪ್ ಹಿಡಿದು ಕಟ್ಟಡ ಅಳೆದರು: ಚಾವಣಿ 18 ಮೀಟರ್ ಉದ್ದ, 7 ಮೀಟರ್ ಅಗಲ. ವರ್ಷಕ್ಕೆ 500 ಮಿ.ಮೀ. ಅಂತ ಇಟ್ಟುಕೊಂಡರೂ 63,000 ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು ಅಂತ ಐದರಲ್ಲಿ ಒಂದು ಪಾಲು ಕಳೆದರು. ಇದನ್ನೇ ಪ್ರಾಜೆಕ್ಟ್ ಅಂತ ತೆಗೆದುಕೊಂಡು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ಕೊಟ್ಟೆ, ಬೇರೆ ಪರೀಕ್ಷೆ ಇಡಲಿಲ್ಲ.

ಎಚ್.ಎಂ. ಬಾಗಿಲಲ್ಲಿ ನಿಂತು ಬೋರ್ಡಿನ ಮೇಲಿನ ಲೆಕ್ಕವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀರಿನ ಸಂಪ್ ಕಟ್ಟಿಸೋಕೆ ದುಡ್ಡು ಎಲ್ಲಿಂದ ತರ್ತೀರಿ?" ಅಂದರು.