ಒಂದೇ ತೂಕದ ಸಕ್ಕರೆಗಳನ್ನು ಬೇರ್ಪಡಿಸುವುದು ಹೇಗೆ?

ಗ್ಲೂಕೋಸ್, ಗ್ಯಾಲಕ್ಟೋಸ್, ಫ್ರಕ್ಟೋಸ್. ಮೂರರಲ್ಲೂ 6 ಇಂಗಾಲ, 12 ಜಲಜನಕ, 6 ಆಮ್ಲಜನಕ. ಅಣುತೂಕ 180. ಜೋಡಣೆ ಮಾತ್ರ ಬೇರೆ, ಇವೇ ಐಸೋಮರ್‌ಗಳು. ಮಾಸ್ ಸ್ಪೆಕ್ಟ್ರೋಮೀಟರ್ ತೂಗಿ ನೋಡುವ ಯಂತ್ರ, ಬರೀ ತೂಕ ನೋಡಿದರೆ ಮೂರೂ ಒಂದೇ. ದೇಹ ಹಾಗಲ್ಲ. ಗ್ಯಾಲಕ್ಟೋಸೀಮಿಯಾ, ಅಂದರೆ ಗ್ಯಾಲಕ್ಟೋಸನ್ನು ಅರಗಿಸಿಕೊಳ್ಳಲಾಗದ ಹುಟ್ಟುಕಾಯಿಲೆ ಇರುವ ಹಸುಗೂಸಿಗೆ ಹಾಲಿನಲ್ಲಿರುವ ಗ್ಯಾಲಕ್ಟೋಸೇ ಮುಳುವು.

ಹಾಗಾಗಿ ಮೊದಲು ಬೇರ್ಪಡಿಸಬೇಕು, ಆಮೇಲೆ ತೂಗಬೇಕು. ಇದನ್ನು ಕಲಿಯಲು ಮಡಿಕೇರಿಯ ಕಾಲೇಜು ಲ್ಯಾಬ್, ಒಂದು ಚಮಚ ಕೊಡಗಿನ ಜೇನು ಸಾಕು.

ಮೊದಲ ಕೆಲಸ ಸಿಲಿಕಾ ಪ್ಲೇಟು, ಅಂದರೆ ಸಿಲಿಕಾ ಪುಡಿಯ ತೆಳು ಪದರ ಬಳಿದ ಹಲಗೆ, ಒಣಗಿಸುವುದು. ಜುಲೈ ಮಳೆಯಲ್ಲಿ ಇಲ್ಲಿ ಬಟ್ಟೆಯೇ ಒಣಗಲ್ಲ, ಸಿಲಿಕಾ ಬಿಡುತ್ತಾ? ಗಾಳಿಯ ತೇವವನ್ನೆಲ್ಲ ಹೀರಿಕೊಂಡಿರುತ್ತದೆ. ಓವನ್‌ನಲ್ಲಿ 110 ಡಿಗ್ರಿಗೆ ಅರ್ಧ ಗಂಟೆ ಇಡಿ. ಇದನ್ನು ಬಿಟ್ಟರೆ ಇಂದಿನ ಪ್ಲೇಟಿಗೂ ನಾಳಿನದಕ್ಕೂ ತಾಳೆಯಾಗುವುದಿಲ್ಲ.

ಕೆಳಗಿನಿಂದ ಒಂದೂವರೆ ಸೆಂ.ಮೀ. ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪೆನ್ನು ಬೇಡ, ಶಾಯಿಯೂ ಮೇಲೇರುತ್ತದೆ. ನೀರು ಬೆರೆಸಿದ ಜೇನನ್ನು ಸಣ್ಣ ಗಾಜಿನ ಕೊಳವೆಯಿಂದ ಚುಕ್ಕಿಯಿಡಿ, ಪಕ್ಕದಲ್ಲಿ ಶುದ್ಧ ಸಕ್ಕರೆಗಳ ಚುಕ್ಕಿಗಳು. ಚುಕ್ಕಿ ದೊಡ್ಡದಾದರೆ ಕೊನೆಗೆ ಬಾಲ ಎಳೆದಂತೆ ಕಾಣುತ್ತದೆ. ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರು ಬೆರೆಸಿದ ಜಾಡಿಯಲ್ಲಿ ನಿಲ್ಲಿಸಿ ಮುಚ್ಚಿ. ದ್ರಾವಣ ಗೆರೆಗಿಂತ ಕೆಳಗೇ ಇರಬೇಕು. ಅದು ಪ್ಲೇಟಿನಲ್ಲಿ ಮೇಲೇರುತ್ತಾ ಸಕ್ಕರೆಗಳನ್ನು ಬೇರೆ ಬೇರೆ ಎತ್ತರಕ್ಕೆ ಒಯ್ಯುತ್ತದೆ. ಮೇಲೇರಿದ ಮೇಲೆ ಒಣಗಿಸಿ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ ಅನಿಲೀನ್-ಡೈಫಿನೈಲಮೈನ್ ಸಿಂಪಡಿಸಿ ಬಿಸಿ ಮಾಡಿದರೆ ಚುಕ್ಕಿಗಳು ಬಣ್ಣ ತಳೆಯುತ್ತವೆ.

ಗ್ಲೂಕೋಸ್, ಗ್ಯಾಲಕ್ಟೋಸ್ ಮಾತ್ರ ಬಹುತೇಕ ಅಂಟಿಕೊಂಡೇ ನಿಲ್ಲುತ್ತವೆ. ಈ ವಿಧಾನದ ಮಿತಿ ಅದು.

ರೋಗ ಸಂಶೋಧನೆಯಲ್ಲಿ ತೊಡಕು ಇನ್ನೂ ಜಾಸ್ತಿ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ನೋಡುವ ಸಿಎ 19-9 ಎಂಬ ರಕ್ತಪರೀಕ್ಷೆ ಹಿಡಿಯುವುದು ಸಿಯಾಲಿಲ್ ಲೂಯಿಸ್ ಎ ಎಂಬ ಸಕ್ಕರೆ ಸರಪಳಿಯನ್ನು. ಸಿಯಾಲಿಲ್ ಲೂಯಿಸ್ ಎಕ್ಸ್‌ನ ತೂಕವೂ ಅಷ್ಟೇ, ಕೊಂಡಿಗಳ ಜಾಗವಷ್ಟೇ ಅದಲುಬದಲು.

ಅಲ್ಲಿ ಪ್ಲೇಟಿನ ಬದಲು ಕಾಲಂ, ಅಂದರೆ ಸಣ್ಣ ಕಣಗಳನ್ನು ತುಂಬಿದ ಕೊಳವೆ. ಪಿಎನ್‌ಗೇಸ್ ಎಫ್ ಕಿಣ್ವದಿಂದ ಪ್ರೋಟೀನಿನ ಸಕ್ಕರೆ ಸರಪಳಿ ಕತ್ತರಿಸಿ, ಹೊಳೆಯುವ ಬಣ್ಣ ಅಂಟಿಸಿ, ಕಾಲಂಗೆ ಬಿಡುತ್ತಾರೆ. ಒಂದೊಂದೂ ಒಂದೊಂದು ಹೊತ್ತಿಗೆ ಹೊರಬರುತ್ತದೆ, ಗ್ರಾಫ್‌ನಲ್ಲಿ ಒಂದೊಂದು ಪೀಕ್ (ಶಿಖರ) ಆಗಿ ಕಾಣುತ್ತದೆ. ನನಗೆ ಇಷ್ಟವಾಗುವುದು ಮುಂದಿನ ಉಪಾಯ: ಸರಪಳಿಯ ತುದಿಯಲ್ಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯ 2,3 ಕೊಂಡಿಯನ್ನಷ್ಟೇ ಕಡಿಯುವ ಕಿಣ್ವ ಹಾಕಿ ಮತ್ತೆ ಓಡಿಸುವುದು (2,3 ಮತ್ತು 2,6 ಅಂದರೆ ಎಷ್ಟನೇ ಇಂಗಾಲಗಳು ಜೋಡಿಕೊಂಡಿವೆ ಎಂಬ ಗುರುತು). ಯಾವ ಪೀಕ್ ಜಾಗ ಬದಲಿಸಿತೋ ಅದರಲ್ಲಿ ಆ ಕೊಂಡಿ ಇತ್ತು. ಅಲುಗಾಡದ್ದರಲ್ಲಿ 2,6 ಇರಬಹುದು. ಇಷ್ಟಕ್ಕೂ ಬೇರೆಯಾಗದಿದ್ದರೆ ಅಯಾನ್ ಮೊಬಿಲಿಟಿ ಇದೆ, ಅನಿಲ ತುಂಬಿದ ಕೊಳವೆಯಲ್ಲಿ ಅಣುಗಳನ್ನು ಆಕಾರದ ಮೇಲೆ ವಿಂಗಡಿಸುವ ಯಂತ್ರ.