ಕೆನ್ನೆಯ ಚಿಟ್ಟೆಯಿಂದ ಪೂರ್ತಿ ಹುಲಿಯವರೆಗೆ: ಮುಖಕ್ಕೆ ಬಣ್ಣ ಹಚ್ಚುವುದು ಹೇಗೆ?

ರಂಗೋಲಿಯಲ್ಲಿ ಪಳಗಿದ ಕೈಗೆ ಮುಖದ ಮೇಲಿನ ಚಿತ್ರ ಬೇಗ ಒಲಿಯುತ್ತದೆ. ಗೆರೆ ಎಲ್ಲಿ ತಿರುಗಬೇಕು, ಎಲ್ಲಿ ಮುಗಿಯಬೇಕು ಎಂಬ ಅಂದಾಜು ಆ ಕೈಗೆ ಆಗಲೇ ಇರುತ್ತದೆ. ಹೊಸದಾಗಿ ಕಲಿಯಬೇಕಿರುವುದು ನೀರಿನ ಹದ. ಬಣ್ಣ ಸೋರುವುದು, ಬಿರಿಯುವುದು, ಗೆರೆ ಒಡೆಯುವುದು, ಹೀಗೆ ಕೆಡುವ ಹೆಚ್ಚಿನದೆಲ್ಲ ಅಲ್ಲಿಯೇ ಕೆಡುತ್ತದೆ. ಶಾಲೆಯ ವಾರ್ಷಿಕೋತ್ಸವ, ಗಣೇಶನ ಪೆಂಡಾಲು, ಹುಟ್ಟುಹಬ್ಬ ಎಂದು ದಾವಣಗೆರೆಯಲ್ಲಿ ಕೈ ಪಳಗಿಸಲು ಅವಕಾಶಗಳಿಗೇನೂ ಬರವಿಲ್ಲ.

ಮೊದಲು ಸಾಮಾನು. ನೀರಲ್ಲಿ ಕರಗುವ, ಚರ್ಮಕ್ಕೆಂದೇ ತಯಾರಾದ ಬಿಲ್ಲೆ ಬಣ್ಣ ಬೇಕು. ಸ್ನಾಜರೂ, ಮೆಹ್ರಾನ್, ಕ್ರಯೋಲಾನ್ ಈ ಬಗೆಯವನ್ನು ಮಾಡುತ್ತವೆ. ಬಿಳಿ, ಕಪ್ಪು, ಕೆಂಪು, ಹಳದಿ, ನೀಲಿ ಸಾಕು. ಕೇಸರಿ, ಹಸಿರು ಬೆರೆಸಿಕೊಳ್ಳಬಹುದು. 2 ಮತ್ತು 4ನೇ ನಂಬರಿನ ದುಂಡು ಕುಂಚ, ಅರ್ಧ ಇಂಚಿನ ಚಪ್ಪಟೆ ಕುಂಚ, ಅರ್ಧಚಂದ್ರಾಕಾರದ ಸ್ಪಂಜುಗಳು, ಎರಡು ಲೋಟ ನೀರು, ಒಂದು ಸ್ಪ್ರೇ ಬಾಟಲಿ ಇಟ್ಟುಕೊಳ್ಳಿ.

ಪೋಸ್ಟರ್ ಕಲರ್, ಅಕ್ರಿಲಿಕ್, ಫ್ಯಾಬ್ರಿಕ್ ಬಣ್ಣ ಮುಖಕ್ಕೆ ಸಲ್ಲವು. ಡಬ್ಬಿಯ ಮೇಲೆ ‘ವಿಷಕಾರಿಯಲ್ಲ’ ಎಂದಿದ್ದರೂ ಅದು ಕಾಗದ, ಬಟ್ಟೆಯ ಬಳಕೆಗೆ ಹೇಳಿದ ಮಾತು, ಚರ್ಮಕ್ಕಲ್ಲ. ಹಳೆಯ ಬಣ್ಣದ ಪೆಟ್ಟಿಗೆಗಳಲ್ಲಿ ಸಿಗುವ ಅರದಾಳ, ಇಂಗಳೀಕವನ್ನಂತೂ ಮಕ್ಕಳ ಹತ್ತಿರಕ್ಕೂ ತರಬೇಡಿ: ಮೊದಲನೆಯದರಲ್ಲಿ ಆರ್ಸೆನಿಕ್ ಇದೆ, ಎರಡನೆಯದರಲ್ಲಿ ಪಾದರಸ. ಕರಕುಶಲ ಕೆಲಸದ ಮಿಂಚುಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರ ಗೀರುತ್ತದೆ. ಸೌಂದರ್ಯವರ್ಧಕ ದರ್ಜೆಯದನ್ನೇ ಕೊಳ್ಳಿ, ಅದನ್ನೂ ಕಣ್ಣಿನಿಂದ ದೂರವೇ ಹಚ್ಚಿ.

ಹಿಂದಿನ ದಿನ ಮೊಣಕೈಯ ಒಳಮಡಿಕೆಯಲ್ಲಿ ಒಂದು ಚುಕ್ಕೆ ಹಚ್ಚಿ 24 ಗಂಟೆ ನೋಡಿ. ತುರಿಕೆ, ಕೆಂಪು ಕಂಡರೆ ಕೈಬಿಡಿ. ಮೂರು ವರ್ಷದೊಳಗಿನ ಮಕ್ಕಳಿಗೆ, ಗಾಯ, ಗುಳ್ಳೆ, ಕಣ್ಣುಬೇನೆ ಇರುವವರಿಗೆ ಬೇಡ.

ಅಭ್ಯಾಸ ನಿಮ್ಮ ಮುಂಗೈ ಮೇಲೆಯೇ ನಡೆಯಲಿ. ಮೊದಲು ಹನಿ: ಕುಂಚದ ಹೊಟ್ಟೆಯನ್ನು ಒತ್ತಿ, ಎಳೆಯುತ್ತಲೇ ಮೇಲೆತ್ತಿ, ಬಾಲ ಸಣ್ಣಗಾಗಿ ಮುಗಿಯಬೇಕು. ಬಾಲ ಮೊಂಡಾದರೆ ಎತ್ತುವುದು ತಡವಾಗಿದೆ. ಆಮೇಲೆ ಸಣ್ಣ-ದಪ್ಪ-ಸಣ್ಣ ಗೆರೆ. ಗೆರೆಗೆ ಬಣ್ಣ ತೆಳು ಮಜ್ಜಿಗೆಯಷ್ಟು ಸಡಿಲವಿರಲಿ. ನಡುವೆ ಒಣಗಿ ಒಡೆದರೆ ನೀರು ಕಡಿಮೆ, ಅಂಚು ಹರಡಿದರೆ ಹೆಚ್ಚು. ಐದಾರು ಹನಿ ಸೇರಿದರೆ ಹೂವು, ನಾಲ್ಕು ದೊಡ್ಡ ಹನಿಗೆ ನಡುವೆ ಮೈ ಬರೆದರೆ ಚಿಟ್ಟೆ. ಮಕ್ಕಳ ಕೆನ್ನೆಗೆ ಇಷ್ಟು ಬಂದರೂ ಧಾರಾಳ.

ಇನ್ನು ಹುಲಿ. ಮಗುವಿನ ಮುಖ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತರದ ಕುರ್ಚಿಯಲ್ಲಿ ಕೂರಿಸಿ. ಕೊಬ್ಬರಿ ಎಣ್ಣೆ ಹಚ್ಚಿದ ಮುಖದ ಮೇಲೆ ಬಣ್ಣ ಕೂರದು, ತೊಳೆಸಿ, ಒರೆಸಿ. ಕೂದಲಿಗೆ ಹೇರ್‌ಬ್ಯಾಂಡ್ ಹಾಕಿ. ಸ್ಪಂಜಿನ ಅಂಚಿಗೆ ಎರಡು ಸಲ ನೀರು ಚಿಮುಕಿಸಿ, ಬಿಲ್ಲೆಯ ಮೇಲೆ ಎಂಟು-ಹತ್ತು ಸುತ್ತು ತಿರುಗಿಸಿ. ಹಿಂಡಿದರೆ ಹನಿ ಬೀಳಕೂಡದು. ಉಜ್ಜದೆ, ಒತ್ತಿ ಒತ್ತಿ ಹಚ್ಚಿ: ನಡುಮುಖಕ್ಕೆ ಹಳದಿ, ಹಣೆ-ಕೆನ್ನೆಯ ಹೊರ ಅಂಚಿಗೆ ಕೇಸರಿ, ಎರಡೂ ಕೂಡುವಲ್ಲಿ ಸ್ಪಂಜಿನಿಂದ ತಟ್ಟಿ ಬೆರೆಸಿ. ಹುಬ್ಬಿನ ಮೇಲೆ, ಬಾಯಿಯ ಸುತ್ತ ಬಿಳಿ.

ಇಲ್ಲೊಂದು ಮಾತು. ಅಂತರ್ಜಾಲದ ಎಷ್ಟೋ ವಿಡಿಯೊಗಳಲ್ಲಿ ಬಿಳಿ ತ್ವಚೆಯ ಮೇಲೆ ಬಣ್ಣ ಹಚ್ಚಿರುತ್ತಾರೆ. ಅದೇ ಹಳದಿ ನಮ್ಮ ಕಂದು ಮೈಬಣ್ಣದ ಮೇಲೆ ಮಂಕಾಗುತ್ತದೆ. ದಪ್ಪ ಬಳಿಯುವುದು ಪರಿಹಾರವಲ್ಲ. ದಪ್ಪ ಬಣ್ಣ ಮಗು ನಕ್ಕ ಕೂಡಲೇ ಬಾಯಿಯ ಪಕ್ಕ ಬಿರಿಯುತ್ತದೆ. ತೆಳುವಾಗಿ ಹಚ್ಚಿ, ಒಣಗಲು ಬಿಟ್ಟು, ಮತ್ತೊಂದು ತೆಳು ಪದರ ಕೊಡಿ. ಅಥವಾ ಹಳದಿಗೆ ಚೂರು ಬಿಳಿ ಬೆರೆಸಿ. ಬಿಳಿ, ಕೇಸರಿ, ಚಿನ್ನದ ಬಣ್ಣಗಳು ಮಾತ್ರ ನಮ್ಮ ಚರ್ಮದ ಮೇಲೆ ಎದ್ದು ಕಾಣುತ್ತವೆ. ಈ ಅನುಕೂಲವನ್ನು ಬಿಡಬೇಡಿ.

ತಳ ಪೂರ್ತಿ ಒಣಗಿದ ಮೇಲೆಯೇ ಕಪ್ಪು. ಒದ್ದೆಯ ಮೇಲೆ ಕಪ್ಪು ಬಿದ್ದರೆ ಹಳದಿಯೆಲ್ಲ ಕೊಳೆಯಾಗುತ್ತದೆ. ಕಿರುಬೆರಳನ್ನು ಮಗುವಿನ ಕೆನ್ನೆಗೆ ಊರಿ, ಕುಂಚವನ್ನು ನೆಟ್ಟಗೆ ಹಿಡಿಯಿರಿ. ಪಟ್ಟೆಗಳನ್ನು ಮುಖದ ಅಂಚಿನಿಂದ ಒಳಕ್ಕೆ ಎಳೆದರೆ ಚೂಪು ತುದಿ ಮೂಗಿನ ಕಡೆಗೆ ಬರುತ್ತದೆ. ಒಂದು ಕಡೆ ಒಂದು ಪಟ್ಟೆ ಎಳೆದ ಕೂಡಲೇ ಎದುರು ಕೆನ್ನೆಯಲ್ಲಿ ಅದರ ಜೋಡಿ ಎಳೆಯಿರಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ಎರಡೂ ಸಮವಾಗುವುದು ಕಷ್ಟ. ಕೆಳರೆಪ್ಪೆಯ ಹತ್ತಿರ ಬಂದಾಗ ಮಗುವಿಗೆ ಮೇಲೆ ನೋಡಲು ಹೇಳಿ, ರೆಪ್ಪೆಗೂದಲ ಸಾಲನ್ನು ಮುಟ್ಟಬೇಡಿ. ಮೂಗಿನ ತುದಿಗೆ ಕಪ್ಪು, ಮೀಸೆಯ ಬುಡಕ್ಕೆ ಚುಕ್ಕೆ, ಕೊನೆಗೆ ಬಿಳಿ ಹನಿಗಳು. ಹತ್ತು ನಿಮಿಷದಲ್ಲಿ ಮುಗಿಸಿ. ಪುಟ್ಟ ಮಕ್ಕಳು ಅದಕ್ಕಿಂತ ಹೆಚ್ಚು ಹೊತ್ತು ಕೂರಲಾರರು, ಕೂರಿಸುವುದು ಸರಿಯೂ ಅಲ್ಲ.

ಗಾಳಿಯಂತ್ರಗಳೇ ಗುಡ್ಡದ ತುಂಬ ನಿಂತಿರುವ ಚಿತ್ರದುರ್ಗದಲ್ಲಿ ಬಯಲಲ್ಲಿ ಕೂತರೆ ಬಣ್ಣ ಕುಂಚದಲ್ಲೇ ಒಣಗುತ್ತದೆ, ಹಸಿ ಮುಖಕ್ಕೆ ಧೂಳೂ ಅಂಟುತ್ತದೆ. ಮಗುವಿನ ಬೆನ್ನು ಗಾಳಿಗಿರಲಿ, ಬಿಲ್ಲೆಗೆ ಆಗಾಗ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಬೆವರು ದೊಡ್ಡ ಶತ್ರು. ಮೇಲ್ತುಟಿ, ಮೂಗಿನ ಸುತ್ತ ತಳಬಣ್ಣ ತೀರಾ ತೆಳುವಿರಲಿ.

ತೆಗೆಯಲು ಬೇಬಿ ಶಾಂಪೂ ಮತ್ತು ನೀರು ಸಾಕು. ಕೆಂಪು, ನೀಲಿ ಚೂರು ಕಲೆ ಉಳಿಸಬಹುದು. ತಿಕ್ಕದೆ ಮತ್ತೊಮ್ಮೆ ನೊರೆ ಹಚ್ಚಿ ತೊಳೆಯಿರಿ. ಒಬ್ಬರ ಸ್ಪಂಜು ಇನ್ನೊಬ್ಬರಿಗೆ ಬೇಡವೇ ಬೇಡ. ಬಿಲ್ಲೆ ಒಣಗುವ ಮೊದಲು ಮುಚ್ಚಳ ಹಾಕಿದರೆ ಬೂಸ್ಟು ಹಿಡಿಯುತ್ತದೆ.

ಹುಲಿ ಕೈವಶವಾದ ಮೇಲೆ ರಂಗದ ಕಡೆ ನೋಡಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆಯಿದೆ, ಊರೂರು ಸುತ್ತುವ ಶಿವಸಂಚಾರ ತಂಡದ ನಾಟಕಗಳಿವೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಆಗ ಬೀಡುಬಿಡುವ ನಾಟಕ ಕಂಪನಿಗಳಲ್ಲಿ ವೃತ್ತಿಕಲಾವಿದರು ಹುಬ್ಬು, ಗಲ್ಲದ ಗೆರೆಗಳನ್ನು ಎಷ್ಟು ದಪ್ಪ ಬರೆದುಕೊಳ್ಳುತ್ತಾರೆ ಗಮನಿಸಿ. ಕೊನೆಯ ಸಾಲಿನವರಿಗೂ ಭಾವ ಕಾಣಬೇಕು, ಮೇಲಾಗಿ ಪ್ರಖರ ದೀಪ ಸಣ್ಣ ಗೆರೆಗಳನ್ನೆಲ್ಲ ನುಂಗುತ್ತದೆ. ಹಾಗಾಗಿ ರಂಗಕ್ಕೆ ಬರೆದಾಗ ಕೈಯಳತೆಯಲ್ಲಿ ನೋಡಿ ತೃಪ್ತಿಪಡಬೇಡಿ. ಮೂವತ್ತು ಅಡಿ ಹಿಂದೆ ಸರಿದು, ದೀಪ ಹಾಕಿಸಿ, ನೋಡಿ ತಿದ್ದಿ.